ಸ್ಟಂಟ್ ಚಿತ್ರದ ನಾಯಕಿಗೆ ಕುಂಕುಮ

ಸ್ಕಾರ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಕನ್ನಡದ ಆಂಟಿ ಒಬ್ಬರಿದ್ದಾರೆ. ಎಂಬತ್ತಾರು ವರ್ಷ, ಮದುವೆಯಾಗಿಲ್ಲ, ಲಿಪ್‌ಸ್ಟಿಕ್ ಇಲ್ಲದೆ ಲಾಂಡ್ರಿಗೂ ಇಳಿಯುವುದಿಲ್ಲ. ಅರವತ್ತು ವರ್ಷಕ್ಕೂ ಹಿಂದೆ ಮದರಾಸಿನಲ್ಲಿ ಅವರು ಸೋಪು, ಪೌಡರಿನ ಜಾಹೀರಾತುಗಳಿಗೆ ರೂಪದರ್ಶಿ. ಜೊತೆಗೆ ಎರಡನೇ ದರ್ಜೆಯ ಸ್ಟಂಟ್ ಚಿತ್ರಗಳ ನಾಯಕಿ. ಡ್ಯೂಪ್ ಇಲ್ಲದೆ ಕುದುರೆ ಓಡಿಸಿದ್ದಾರೆ, ಮುಖವಾಡ ಹಾಕಿಕೊಂಡು ಕಳ್ಳರಿಗೆ ಚಾವಟಿ ಬೀಸಿದ್ದಾರೆ, ಈಜುಡುಗೆಯಲ್ಲಿ ಪತ್ರಿಕೆಯ ಮುಖಪುಟಕ್ಕೆ ನಿಂತಿದ್ದಾರೆ. ಆಮೇಲೆ ಅಣ್ಣನ ಹಿಂದೆ ಕೆನಡಾಕ್ಕೆ ಬಂದು ಮೂವತ್ತು ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ, ನಾಚಿಕೆಯೂ ಇಲ್ಲ, ಜಂಬವೂ ಇಲ್ಲ. ನನಗೆ ಅವರನ್ನು ಕಂಡರೆ ಪ್ರಾಣ.

ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆಗೆ ಮಾತ್ರ ಅವರನ್ನು ಕಂಡರೆ ಆಗದು. ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆಯುತ್ತೇನೆ ಎಂದಾಗ ಮುಖ ಗಂಟಿಕ್ಕಿದರು.

"ಹಾಗೆಲ್ಲ ಫೋಟೋ ತೆಗೆಸ್ಕೊಂಡೋರಿಗೆ ನಾನು ಕುಂಕುಮ ಕೊಡಲ್ಲ. ಬೇಕಾದ್ರೆ ನೀನೇ ಕೊಟ್ಕೋ."

"ಸ್ವಿಮ್‌ಸೂಟು ಅತ್ತೆ ಅದು. ನಿಮ್ಮ ಮೊಮ್ಮಗಳೂ ಹಾಕ್ಕೋತಾಳೆ."

"ಅವಳು ಪೂಲಿಗೆ ಹಾಕ್ಕೋತಾಳೆ, ಪೇಪರಿಗಲ್ಲ."

ನಾನೂ ಹಟಮಾರಿ, ಕರೆದೇಬಿಟ್ಟೆ. ಆದರೆ ನಮ್ಮ ಮನೆಯಲ್ಲಿ ಕುಂಕುಮ ಕೊಡುವವರು ಹಿರಿಯರಾದ ಅತ್ತೆಯೇ. ಎಲ್ಲರ ಎದುರು ಆಂಟಿಯನ್ನು ಬಿಟ್ಟು ಮುಂದೆ ಹೋದರೆ, ಮನೆಗೆ ಕರೆದು ಅವಮಾನ ಮಾಡಿದ ಹಾಗೆ. ಆ ಭಯದಲ್ಲಿ ಒಬ್ಬಟ್ಟು ಎರಡು ಸಲ ಸೀಯಿಸಿದೆ.

ಸಂಜೆ ಆಂಟಿ ರೇಷ್ಮೆ ಸೀರೆ ಉಟ್ಟು ಬಂದರು. ಅತ್ತೆ ಬೇಕೆಂದೇ ಅಡುಗೆಮನೆ ಕಡೆ ತಿರುಗಿಕೊಂಡರು. ಆಂಟಿ ಕಲಶಕ್ಕೆ ಕೈಮುಗಿದು, ಹಿಂದಿನ ಗೋಡೆಯ ಲಕ್ಷ್ಮಿ ಪಟವನ್ನು ನೋಡುತ್ತ ನಿಂತುಬಿಟ್ಟರು. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಪಟ ಅದು. ಅತ್ತೆಗೆ ಮದುವೆಯಲ್ಲಿ ತವರಿನವರು ಕೊಟ್ಟದ್ದು, ಇಲ್ಲಿಗೆ ಬರುವಾಗ ಜೊತೆಗೇ ತಂದದ್ದು.

"ಅಯ್ಯೋ, ಇದು ನಾನು!" ಎಂದರು ಆಂಟಿ.

ಯಾರೋ ನಕ್ಕರು. ಆಂಟಿ ತಮ್ಮ ಎಡಗೈ ಎತ್ತಿ ಕಿರುಬೆರಳು ತೋರಿಸಿದರು. ಕುದುರೆಯಿಂದ ಬಿದ್ದು ಮುರಿದು, ಸೊಟ್ಟಗೆ ಕೂಡಿಕೊಂಡ ಬೆರಳು. ಪಟದ ದೇವಿ ಕಮಲ ಹಿಡಿದ ಎಡಗೈಯಲ್ಲೂ ಕಿರುಬೆರಳು ಹಾಗೇ ಸೊಟ್ಟ. ಚಿತ್ರ ಬರೆದವನು ಕಂಡದ್ದನ್ನು ಕಂಡ ಹಾಗೇ ಬರೆದಿದ್ದ.

"ಐದು ದಿನ ಪೋಸ್ ಕೊಟ್ಟಿದ್ದೆ. ಮಾರ್ನಿಂಗು ದೇವಿ, ಆಫ್ಟರ್‌ನೂನು ಶೂಟಿಂಗಲ್ಲಿ ಫೈಟು. ಕೈ ಇಳಿಸಿದ್ರೆ ಆರ್ಟಿಸ್ಟು ಬಯ್ಯೋರು. ಅಲ್ಲಾಡದೆ ನಿಲ್ಲೋದು ಈಸಿ ಅಲ್ಲ ಕಣಮ್ಮ."

ಅತ್ತೆ ಪಟದ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. ಬೆರಳು ನೋಡಿದರು, ಆಂಟಿಯನ್ನು ನೋಡಿದರು. ಗೆದ್ದೆ ಎಂದು ನಾನು ಹಿಗ್ಗಬೇಕಿತ್ತು; ಅವರ ಮುಖ ಕಂಡು ಹಿಗ್ಗಲಾಗಲಿಲ್ಲ.

"ನಮ್ಮ ಮೊದಲನೇ ಮಗು ಟೈಫಾಯಿಡಲ್ಲಿ ಮಲಗಿತ್ತು," ಎಂದರು ಅತ್ತೆ, ಆಂಟಿಗೆ. "ಮೂರು ದಿನ ನಿಮ್ಮ ಮುಂದೇನೇ ಕೂತು ಅತ್ತಿದ್ದೆ."

ಆಂಟಿಯ ಮುಖದ ನಗು ಹೋಯಿತು. "ಮಗು?"

ಬಾಗಿಲ ಬಳಿ ಎಲ್ಲರಿಗೂ ಕಾಫಿ ಹಿಡಿದು ನಿಂತಿದ್ದ ನನ್ನ ಗಂಡನ ಕಡೆ ಅತ್ತೆ ಕೈ ತೋರಿಸಿದರು. ಆಮೇಲೆ ಕುಂಕುಮದ ಬಟ್ಟಲು ಎತ್ತಿಕೊಂಡರು.