ಸೇತುವೆ ಏರಿದ ಮೊಪೆಡ್

ರೈಲು ಬೋಗಿಗಳ ಬ್ಯಾಟರಿ ರಿಪೇರಿ ಮಾಡುತ್ತಿದ್ದ ವಿನೋದಾಗೆ, ಭೂಮಿ ಬಿಸಿಯಾಗಿಸುವ ಹೊಗೆ ತಗ್ಗಿಸಲು ದೇಶಗಳು ಮಾಡಿಕೊಂಡ ಕ್ಯೋಟೊ ಒಪ್ಪಂದದ ಸುದ್ದಿ ಓದಿದಾಗಿನಿಂದ ಒಂದೇ ಹುಚ್ಚು: ಗಂಡನ ಹಳೇ ಮೊಪೆಡ್ಡನ್ನು ಪೆಟ್ರೋಲಿಲ್ಲದೆ ಓಡಿಸಬೇಕು. ಎಂಜಿನ್ ಕಿತ್ತು ಮೋಟರ್ ಕೂರಿಸಿದಳು, ಕಾಲಿಡುವ ಜಾಗದಲ್ಲಿ ಬ್ಯಾಟರಿ ಜೋಡಿಸಿದಳು. ಚೆನ್ನೈನ ಬೆಸೆಂಟ್ ನಗರದ ಬೀದಿಗಳಲ್ಲಿ ಅದು ಚೆನ್ನಾಗಿಯೇ ಓಡಿತು. ಆದರೆ ಇಬ್ಬರನ್ನು ಹೊತ್ತು ಅಡ್ಯಾರ್ ಸೇತುವೆ ಏರುವಾಗ ಪ್ರತಿಸಲವೂ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಏರಿನಲ್ಲಿ ಎಳೆಯುವ ಬಲ ಹೆಚ್ಚಲೆಂದು ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಮತ್ತೆ ಹೊರಟರು. ಏರು ಶುರುವಾಯಿತು.

"ಇಳಿದು ತಳ್ಳಲೇನೇ?" ಎಂದು ಹಿಂದೆ ಕೂತಿದ್ದ ಗಂಡ ರಾಮದಾಸ ಕೇಳಿದ.

"ಸುಮ್ನೆ ಕೂತ್ಕೊಳ್ರೀ, ಏರ್ತಾ ಇದೆ!"

ಗಾಡಿಗೆ ಸದ್ದೇ ಇರಲಿಲ್ಲ, ಹಾರ್ನ್ ಇನ್ನೂ ಜೋಡಿಸಿರಲಿಲ್ಲ. ಮುಂದೆ ನಡೆಯುತ್ತಿದ್ದವರು ಸರಿಯದಿದ್ದಾಗ ರಾಮದಾಸನೇ ದಾರಿ ಬಿಡಿ, ಇದು ಪೆಟ್ರೋಲಿಲ್ಲದ ಗಾಡಿ ಎಂದು ತಮಿಳಿನಲ್ಲಿ ಕೂಗಿದ: "ವಳಿ ವಿಡುಂಗೊ! ಪೆಟ್ರೋಲ್ ಇಲ್ಲಾದ ವಂಡಿ!" ಜನ ತಿರುಗಿ ನೋಡಿದರು. ಪಕ್ಕದ ಬಸ್ಸಿನ ಕಂಡಕ್ಟರ್ ಜೋರಾಗಿ ಸೀಟಿ ಊದಿದ.

ಸೇತುವೆಯ ನೆತ್ತಿ ತಲುಪಿದಾಗ ವಿನೋದಾ ಬ್ರೇಕ್ ಹಿಡಿದು, ಉಸಿರು ಬಿಟ್ಟು, ಗಟ್ಟಿಯಾಗಿ ನಕ್ಕಳು. ಅಷ್ಟರಲ್ಲಿ ರಾಮದಾಸ ಕೆಳಗಿಳಿದು ಅವಳ ಮುಂದೆ ಬಂದು ನಿಂತಿದ್ದ.

"ವಾಪಸ್ ಹೋಗಿ ಇನ್ನೊಂದ್ಸಲ ಹತ್ತೋಣ ಕಣೇ," ಎಂದ. "ಈ ಸಲ ನಾನು ಓಡಿಸ್ತೀನಿ."