ಎದುರಿನವರ ಮಾತು ಮೊದಲು

ಸೋಮವಾರಪೇಟೆಯ ವಕೀಲೆ ಕಾವ್ಯಶ್ರೀ ಮೊನ್ನೆ ಮಂಗಳವಾರ ಬೆಳಿಗ್ಗೆ ಮಡಿಕೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಪಿತ್ತಕೋಶದ ಕ್ಯಾನ್ಸರ್. ವಯಸ್ಸು ನಲವತ್ತಾರು. ಅಂದು ಕೋರ್ಟು ಎಂದಿನಂತೆ ನಡೆಯಿತು. ಅವಳ ಹೆಸರು ಹಿಡಿದು ಕೂಗುವ ಕೇಸು ಒಂದೂ ಉಳಿದಿರಲಿಲ್ಲ. ಹಾಗೆ ಆಗಬೇಕೆಂದೇ ಅವಳು ಕೊನೆಯ ಮಳೆಗಾಲವನ್ನೆಲ್ಲ ಸವೆಸಿದ್ದಳು.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುತ್ತಿದ್ದವರ ಮನೆಯ ಮಗಳು. ಕಾನೂನು ಓದಿ ಶಿವಶಂಕರಪ್ಪನವರ ಆಫೀಸಿನಲ್ಲಿ ಜೂನಿಯರ್ ಆಗಿ ಸೇರಿದಳು. ದೊಡ್ಡ ವಕೀಲರು, ಮನುಷ್ಯರೂ ಒಳ್ಳೆಯವರೇ. ಆದರೆ ಅಲ್ಲಿ ಅವಳ ಕೆಲಸವೆಂದರೆ ಎದ್ದು ನಿಂತು ವಾಯಿದೆ ಕೇಳುವುದು. ಒಂದು ದಿನ ನ್ಯಾಯಾಧೀಶರು, “ಇವತ್ತೇನಮ್ಮ ಕಾರಣ?” ಎಂದಾಗ ಅವಳ ಬಾಯಿಂದ ಯಾವ ಕಾರಣವೂ ಹೊರಡಲಿಲ್ಲ. ಆ ತಿಂಗಳೇ ಆಫೀಸು ಬಿಟ್ಟಳು.

ಅವಳ ಸ್ವಂತ ಆಫೀಸೆಂದರೆ ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಗುಮಾಸ್ತರಿಲ್ಲ. ಟೈಪು ಮಾಡುವುದೂ ಅವಳೇ, ಕಸ ಗುಡಿಸುವುದೂ ಅವಳೇ. ಕೆಳಗೆ ಮಿಕ್ಸಿ ತಿರುಗಿದರೆ ಮೇಲೆ ಮಾತು ನಿಲ್ಲಿಸಿ ಕಾಯಬೇಕು. ಮೊದಲ ವರ್ಷ ಮೆಟ್ಟಿಲು ಹತ್ತಿ ಬಂದವರಲ್ಲಿ ಹೆಚ್ಚಿನವರು ದಾರಿ ತಪ್ಪಿ, ಕೈಯಲ್ಲಿ ಮಿಕ್ಸಿ ಹಿಡಿದುಕೊಂಡೇ ಬಂದವರು.

ಕೇಸು ತಂದವರಿಗೆ ಅವಳದೊಂದು ಪದ್ಧತಿಯಿತ್ತು. ಕಿಟಕಿಯ ಪಕ್ಕದ ಕುರ್ಚಿ ತೋರಿಸಿ, “ಅಲ್ಲಿ ಕೂತು ಮೊದಲು ಎದುರಿನವರ ಮಾತು ಹೇಳಿ. ನೀವೇ ಅವರು ಅಂದ್ಕೊಂಡು ಹೇಳಿ. ನಿಮ್ಮದು ಆಮೇಲೆ” ಎನ್ನುತ್ತಿದ್ದಳು. ಕೆಲವರು ಬೈದುಕೊಂಡು ಇಳಿದು ಹೋದರು. ಕೆಲವರು ಅರ್ಧ ಹೇಳುವಷ್ಟರಲ್ಲಿ ತಣ್ಣಗಾಗಿ, ಅಣ್ಣನ ಹತ್ತಿರವೋ ಪಕ್ಕದ ತೋಟದವನ ಹತ್ತಿರವೋ ತಾವೇ ಮಾತಾಡಿಕೊಂಡರು.

ಸುದ್ದಿ ಶಿವಶಂಕರಪ್ಪನವರ ಕಿವಿಗೂ ಬಿತ್ತು. “ಏನಮ್ಮಾ, ಎದುರು ಪಾರ್ಟಿ ವಕಾಲತ್ತೂ ನೀನೇ ಹಾಕ್ಬಿಡು. ನಾವು ಮನೇಲಿರ್ತೀವಿ.”

“ಆಗ್ಲಿ ಸಾರ್. ವಾಯಿದೆ ಕೇಳಕ್ಕೆ ಮಾತ್ರ ಬನ್ನಿ.”

ಅವರು ಜೋರಾಗಿ ನಕ್ಕರು. ಮರುವಾರ ತಾವೇ ಒಂದು ಕೇಸು ಕಳಿಸಿದರು.

ಆ ಪದ್ಧತಿ ನಡೆಯದಿದ್ದದ್ದು ಸಿದ್ದಮ್ಮನ ಹತ್ತಿರ ಮಾತ್ರ. ಮಾದಾಪುರದ ಇಳಿಜಾರಿನಲ್ಲಿ ಆ ಮುದುಕಿಯದೊಂದು ಪುಟ್ಟ ಕಾಫಿ ತೋಟ. ಗುಡ್ಡ ಜರಿದ ವರ್ಷ ಅದರ ಒಂದು ಮೂಲೆ, ಗಿಡಗಳು ನಿಂತಂತೆಯೇ, ಕೆಳಗಿನ ಸಾಂತಪ್ಪನ ಗದ್ದೆಗೆ ಇಳಿದು ಕೂತಿತು. ಗಿಡ ಸಾಯಲಿಲ್ಲ. ಹೂ ಬಿಟ್ಟವು, ಹಣ್ಣಾದವು. ಸಿದ್ದಮ್ಮ ಬುಟ್ಟಿ ಹಿಡಿದು ಕುಯ್ಯಲು ಇಳಿದಳು. ಸಾಂತಪ್ಪ ಬೇಲಿ ಹಾಕಿದ.

“ಅವನ ಮಾತು ನಾನ್ಯಾಕೆ ಆಡ್ಲಿ? ನನ್ನ ಗಿಡ, ನಾನು ಕುಯ್ತೀನಿ” ಎಂದ ಸಿದ್ದಮ್ಮ ಆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಕಾವ್ಯಶ್ರೀ ಸೋತು, ಹಾಗೆಯೇ ದಾವೆ ಹಾಕಿದಳು. ಅವಳು ತಪ್ಪಿದ್ದು ಅಲ್ಲೇ. ಜಗಳ ಗಿಡದ್ದೆಂದು ನಂಬಿ ವರ್ಷಗಟ್ಟಲೆ ಗಿಡದ ಮೇಲೆಯೇ ವಾದಿಸಿದಳು. ಸಾಂತಪ್ಪನ ಪರ ನಿಂತಿದ್ದವರು ಶಿವಶಂಕರಪ್ಪನವರು. ಅವರು ನೆಲ ಯಾರದೆಂಬುದರ ಮೇಲೆ ವಾದಿಸಿದರು. ಎರಡೂ ಸರಿಯಾಗಿಯೇ ಇದ್ದವು. ಕೇಸು ಮಾತ್ರ ಕದಲಲಿಲ್ಲ.

ಆಮೇಲೆ ಕಾಯಿಲೆ ಗೊತ್ತಾಯಿತು. ಒಬ್ಬಳೇ ನಡೆಸುವ ಆಫೀಸಿಗೆ ವಾರಸುದಾರರಿರುವುದಿಲ್ಲ. ಕಕ್ಷಿದಾರರನ್ನು ಒಬ್ಬೊಬ್ಬರಾಗಿ ಕರೆಸಿ ಬೇರೆ ವಕೀಲರಿಗೆ ಒಪ್ಪಿಸಿದಳು. ಸಿದ್ದಮ್ಮ ಮಾತ್ರ ಫೈಲು ಮುಟ್ಟಲಿಲ್ಲ.

“ನೀನೇ ನಡ್ಸವ್ವ.”

“ನಾನಿರಲ್ಲ ಅಜ್ಜಿ. ಡಾಕ್ಟ್ರು ಹೇಳ್ಬಿಟ್ಟಿದಾರೆ.”

ಕೆಳಗೆ ಮಿಕ್ಸಿ ತಿರುಗಿ ನಿಂತಿತು. ಸಿದ್ದಮ್ಮ ನೆಲಕ್ಕೆ ಕೈಯೂರಿ ಎದ್ದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

“ಈಗ ನಾನು ಸಾಂತಪ್ಪ” ಎಂದಳು. “ಬೆಳಗಾಗೆದ್ದು ನೋಡ್ತೀನಿ, ನನ್ನ ಗದ್ದೇನೆ ಇಲ್ಲ. ಆ ಮುದುಕಿ ಮಣ್ಣು ನುಂಗ್ಬಿಟ್ಟದೆ. ನಾಟಿ ಆಗಿತ್ತು. ಈಗ ಅವಳು ಅದರ ಮ್ಯಾಲೆ ನಿಂತು ಕಾಫಿ ಕುಯ್ತಾಳೆ. ಕುಯ್ಯೋದೋ ಒಂದು ಹಿಡಿ. ಆಮೇಲೆ ಬುಟ್ಟಿ ಪಕ್ಕಕ್ಕಿಟ್ಟು ಸುಮ್ನೆ ಕೂತ್ಕತಾಳೆ. ಯಾಕೋ ನಂಗೊತ್ತಿಲ್ಲ.”

“ಯಾಕಜ್ಜಿ?”

“ನಮ್ಮೋರ್ನ ಮಣ್ಣು ಮಾಡಿದ್ದು ಆ ಮೂಲೇಲಿ ಕಣವ್ವ. ಅವರೂ ಇಳಿದು ಹೋದ್ರಲ್ಲ.”

“ಇಷ್ಟು ವರ್ಷ ನಂಗೂ ಹೇಳ್ಲಿಲ್ವಲ್ಲ!”

“ಗಂಡನ್ನ ಹೂತಿದ್ ಜಾಗಾನೂ ಉಳಿಸ್ಕೊಳ್ಳಲಿಲ್ಲ ಅನ್ನಲ್ವಾ ಊರೋರು?”

ಸಿದ್ದಮ್ಮನ ಒಪ್ಪಿಗೆ ಪಡೆದು ಕಾವ್ಯಶ್ರೀ ಮೊದಲು ಹೋದದ್ದು ಶಿವಶಂಕರಪ್ಪನವರ ಹತ್ತಿರ. ಅವರು ಕೇಳಿ, ಜೀಪಿನ ಕೀ ತೆಗೆದುಕೊಂಡರು. ಮಾದಾಪುರದಲ್ಲಿ ಸಾಂತಪ್ಪ ಕೂತಲ್ಲಿಂದ ಎದ್ದೇಬಿಟ್ಟ. “ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ ಮೇಡಮ್? ಅಲ್ಲಿ ಗೊಬ್ಬರದ ಗುಂಡಿ ತೆಗ್ಸೋಣ ಅಂತಿದ್ದೆ ನಾನು!”

ರಾಜಿ ಪತ್ರವನ್ನು ಅವಳೇ ಟೈಪು ಮಾಡಿದಳು. ನೆಲ ಸಾಂತಪ್ಪನದು. ಬೇಲಿಯಲ್ಲಿ ಬೀಗವಿಲ್ಲದ ಒಂದು ಗೇಟು. ಸಿದ್ದಮ್ಮ ಬೇಕೆಂದಾಗ ಬರಬಹುದು, ಕುಯ್ಯಬಹುದು, ಕೂರಬಹುದು. “ಕೂರಬಹುದು” ಎಂಬ ಮಾತು ಬೇಕೇ ಎಂದು ಶಿವಶಂಕರಪ್ಪನವರು ಕೇಳಿದರು. ಬೇಕು ಎಂದಳು. ನ್ಯಾಯಾಧೀಶರು ಅದನ್ನು ಓದಿಸಿ ದಾಖಲು ಮಾಡಿದ ದಿನ ಅವಳು ಮೇಜು ಹಿಡಿದುಕೊಂಡೇ ನಿಂತಿದ್ದಳು.

ಕೊನೆಗೆ ಆಸ್ಪತ್ರೆಗೆ ಸೇರಿಸಲು ತಮ್ಮ ದೀಪಕ್ ಕಾರಿನಲ್ಲಿ ಮಡಿಕೇರಿಗೆ ಕರೆದೊಯ್ದ. ಮಾದಾಪುರ ದಾಟುವಾಗ ನಿಲ್ಲಿಸೆಂದಳು.

“ಬೇಡ ಅಕ್ಕ, ಇಳಿಜಾರು. ನಿನ್ ಕೈಲಾಗಲ್ಲ.”

“ನಿನ್ ಕೈ ಕೊಡೋ, ಆಗತ್ತೆ.”

ಅವನ ತೋಳು ಹಿಡಿದು, ನಿಂತು ನಿಂತು ಇಳಿದಳು. ಗೇಟು ಹಾರು ಹೊಡೆದಿತ್ತು. ಒಳಗೆ, ಗಿಡಗಳ ನಡುವೆ, ಸಿದ್ದಮ್ಮ ಬುಟ್ಟಿ ಪಕ್ಕಕ್ಕಿಟ್ಟು ಆ ಕಡೆ ಮುಖ ಮಾಡಿ ಕೂತಿದ್ದಳು. ದೀಪಕ್ ಕೂಗಲು ಬಾಯಿ ತೆರೆದ. ಕಾವ್ಯಶ್ರೀ ಅವನ ಕೈ ಅದುಮಿದಳು.

“ದನ ನುಗ್ಗತ್ತೆ” ಎಂದು ಮೆಲ್ಲಗೆ ಹೇಳಿ, ಗೇಟನ್ನು ಎಳೆದುಕೊಂಡಳು. ಆಮೇಲೆ ಕಂಬಿಗಳ ನಡುವೆ ಕೈ ತೂರಿಸಿ, ಸಿದ್ದಮ್ಮನಿಗೆ ತೆಗೆಯಲು ಬರುವಂತೆ, ಒಳಗಿನ ಚಿಲಕ ಹಾಕಿದಳು.