ಒಂದೇ ಕಣ್ಣಿನ ಕೆಲಸ

ನಕಾಶೆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೆಟ್ಟದಮ್ಮ ಅಂತಲೇ ಕರೆಯುತ್ತಿದ್ದರು. ಬೆಟ್ಟ ಹತ್ತಿದವಳಲ್ಲ, ಎರಡನೇ ಮಹಡಿಯ ಕೋಣೆಯಲ್ಲಿ ಕೂತಲ್ಲೇ ಬೆಟ್ಟ ಎಬ್ಬಿಸುತ್ತಿದ್ದವಳು. ವಿಮಾನದಿಂದ ತೆಗೆದ ಫೋಟೋಗಳು ಅಲ್ಲಿಗೆ ಜೋಡಿಯಾಗಿ ಬರುತ್ತಿದ್ದವು. ನೆಲ ಒಂದೇ, ತೆಗೆದ ಜಾಗ ಮಾತ್ರ ಸ್ವಲ್ಪ ಆಚೀಚೆ. ಯಂತ್ರದೊಳಗೆ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಇನ್ನೊಂದು. ನೋಡುತ್ತಿದ್ದಂತೆ ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ನಿಲ್ಲುತ್ತಿತ್ತು, ಕಣಿವೆ ಇಳಿಯುತ್ತಿತ್ತು. ಬೆಳಕಿನ ಚುಕ್ಕೆಯೊಂದನ್ನು ಆ ನೆಲಕ್ಕೆ ಮುಟ್ಟಿಸಿ, ಮೇಲೆ ತೇಲದಂತೆ ಒಳಗೆ ಮುಳುಗದಂತೆ ಗುಡ್ಡದ ಸುತ್ತ ಓಡಿಸಿದರೆ, ಪಕ್ಕದ ಹಾಳೆಯಲ್ಲಿ ಸಮ ಎತ್ತರದ ಗೆರೆ ಬೀಳುತ್ತಿತ್ತು. ಅವಳ ಗೆರೆ ನಡುಗಿದ್ದನ್ನು ಕಂಡವರಿಲ್ಲ.

ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದವಳು ಅವಳ ನಾದಿನಿ, ಗಂಡನ ತಂಗಿ. ಅವಳಿಗೆ ಕೆಲಸ ಕಲಿಸಿದವಳೂ ಬೆಟ್ಟದಮ್ಮನೇ. ಒಂದೇ ಮನೆ, ಒಂದೇ ಬಸ್ಸು, ಮಧ್ಯಾಹ್ನ ಒಂದೇ ಡಬ್ಬಿ. ಇಬ್ಬರ ನಡುವೆ ಜಗಳ ಇರಲಿಲ್ಲ ಅಂತಲ್ಲ. ಆದರೆ ಯಂತ್ರಕ್ಕೆ ಕಣ್ಣಿಟ್ಟ ಮೇಲೆ ಜಗಳವಾಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಬಲಗಣ್ಣು ಕೈಕೊಡಲು ಶುರುವಾದದ್ದು ಬೆಟ್ಟದಮ್ಮನಿಗೆ ತಡವಾಗಿ ಗೊತ್ತಾಯಿತು. ಮೊದಮೊದಲು ಯಂತ್ರದ ಗಾಜನ್ನು ಒರೆಸಿದಳು. ಆಮೇಲೆ ಕನ್ನಡಕ ಬದಲಾಯಿಸಿದಳು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಒಳಗಿನ ನರ ಒಣಗುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ ಅಂದರು. ಮನೆಗೆ ಬಂದ ಮೇಲೆ ಗಂಡ ಕೇಳಿದ್ದಕ್ಕೆ ಕಣ್ಣಿಗೆ ಸುಸ್ತಂತೆ ಅಂದಳು. ಅವನು ಹಾಲಿನ ವ್ಯಾನು ಓಡಿಸುವವನು, ನಸುಕಿಗೇ ಏಳಬೇಕು. ಹೌದೇನೋ ಅಂದುಕೊಂಡು ಮಲಗಿದ.

ಕಚೇರಿಯಲ್ಲಿ ಒಂದೇ ಕಣ್ಣಿಗೆ ಬೆಟ್ಟ ಏಳುವುದು ನಿಂತಿತು. ಅವಳು ಅಂದಾಜಿನ ಮೇಲೆ ಗೆರೆ ಎಳೆಯತೊಡಗಿದಳು. ನೆರಳು ಉದ್ದವಿದ್ದರೆ ಎತ್ತರ, ಹಳ್ಳದ ಗೆರೆ ಕವಲೊಡೆದರೆ ಇಳಿಜಾರು. ಅಷ್ಟು ವರ್ಷದ ಅಭ್ಯಾಸ. ನೋಡಿದವರಿಗೆ ಸರಿಯಾಗಿಯೇ ಕಾಣುತ್ತಿತ್ತು.

ನಾದಿನಿಗೆ ಅನುಮಾನ ಬಂದದ್ದು ಅಡುಗೆಮನೆಯಲ್ಲಿ. ಅತ್ತಿಗೆ ಸುರಿದ ಚಹಾ ಲೋಟದ ಪಕ್ಕಕ್ಕೆ ಬೀಳುತ್ತಿತ್ತು, ಒಂದು ಸಲವಲ್ಲ, ಮತ್ತೆ ಮತ್ತೆ. ನಾದಿನಿ ಮಾರನೇ ದಿನ ಕಚೇರಿಯ ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಅವಳನ್ನು ತನ್ನ ಯಂತ್ರದ ಹತ್ತಿರ ಕರೆದಳು.

"ಅತ್ತಿಗೆ, ಸ್ವಲ್ಪ ನೋಡಿ ಹೇಳಿ. ಚುಕ್ಕೆ ನೆಲ ಮುಟ್ಟಿದೆಯಾ?"

ಅವಳು ಬಗ್ಗಿ ನೋಡಿದಳು. "ಮುಟ್ಟಿದೆ."

ನಾದಿನಿ ಅದನ್ನು ಬೆಟ್ಟದ ತುದಿಗಿಂತ ಎಷ್ಟೋ ಮೇಲೆ, ಬರೀ ಗಾಳಿಯಲ್ಲಿ ನಿಲ್ಲಿಸಿದ್ದಳು. ಅದನ್ನು ಹೇಳುವ ಅಗತ್ಯ ಬೀಳಲಿಲ್ಲ. ಅತ್ತಿಗೆ ಯಂತ್ರದಿಂದ ಮುಖ ಎತ್ತಿ ನಾದಿನಿಯ ಮುಖ ನೋಡಿದಳು, ಇದು ಪರೀಕ್ಷೆ ಅಂತ ಗೊತ್ತಾಯಿತು.

"ಹೀಗೆ ಎಷ್ಟು ಹಾಳೆ ಆಗಿದೆ?" ನಾದಿನಿ ಕೇಳಿದಳು.

"ಮಳೆ ನಿಂತ ಮೇಲೆ ಮಾಡಿದ್ದೆಲ್ಲ."

ಅವೆಲ್ಲವನ್ನೂ ತಾನೇ ಗುಟ್ಟಾಗಿ ಸರಿಮಾಡಿಬಿಡುತ್ತೇನೆ ಅಂದಳು ನಾದಿನಿ. ಅತ್ತಿಗೆ ಒಪ್ಪಲಿಲ್ಲ. ಈ ನಕಾಶೆ ನಂಬಿ ಯಾರೋ ನೀರಿನ ಕೊಳವೆ ಹಾಕುತ್ತಾರೆ, ನೀರೇನು ಬೆಟ್ಟ ಹತ್ತುತ್ತದೆಯೇ ಅಂದಳು. ಅವತ್ತೇ ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. ಹಾಳೆಗಳನ್ನು ತಡೆಹಿಡಿಸಿ, ಅವಳನ್ನು ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಧೂಳು ಹೊಡೆಯುತ್ತ ಅವಳು ಒಂದು ಬೇಸಿಗೆ ಕಳೆದಳು. ಬೆಟ್ಟದಮ್ಮ ಅಂತ ಯಾರೂ ಕರೆಯದೇ ಇದ್ದದ್ದು ಅವಳಿಗೆ ಒಳ್ಳೆಯದೇ ಅನಿಸಿತು, ಬೇಸರವೂ ಆಯಿತು.

ಒಂದು ಬೆಳಿಗ್ಗೆ ತಾರಸಿಗೆ ಹೋದಾಗ ಹೊರಗೆ ಹೋಗಿ ನೆಲ ಅಳೆಯುವ ಬಯಲು ತಂಡದ ಹಿರಿಯ ಮೋಜಣಿದಾರ ದುರ್ಬೀನಿರುವ ಕೋನಮಾಪಕಕ್ಕೆ ಕಪ್ಪು ಗಾಜು ಸಿಕ್ಕಿಸಿ ಸೂರ್ಯನನ್ನು ಹಿಡಿಯುತ್ತಿದ್ದ. ಸೂರ್ಯ ಎಷ್ಟು ಹೊತ್ತಿಗೆ ಎಷ್ಟು ಎತ್ತರದಲ್ಲಿದ್ದಾನೆ ಅಂತ ಅಳೆದರೆ ನಿಜವಾದ ಉತ್ತರ ದಿಕ್ಕು ಯಾವ ಕಡೆ ಅಂತ ಲೆಕ್ಕ ಸಿಗುತ್ತದೆ. ಫೋಟೋಗಳನ್ನು ನೆಲದ ಮೇಲಿನ ಸರಿಯಾದ ಜಾಗಕ್ಕೆ ಕೂರಿಸಲು ಅದು ಬೇಕು. ಇದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೆ ಅವನು ಒಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದನ್ನು ಅವಳು ನೋಡಿದ್ದು ಅವತ್ತೇ.

"ಇದಕ್ಕೆ ಎರಡು ಕಣ್ಣು ಬೇಡವಾ?" ಅಂತ ಕೇಳಿದಳು.

"ಎರಡನೇದು ಬರೀ ಉಪದ್ರವ ಕಣಮ್ಮ," ಅಂದ ಅವನು, ತಲೆ ಎತ್ತದೆ.

ಬಯಲು ಕೆಲಸ ಕೇಳಿಕೊಂಡು ಅವಳು ಹೋದಾಗ ಮುಖ್ಯಸ್ಥರು ಮೂಗಿನ ಮೇಲೆ ಬೆರಳಿಟ್ಟರು. ನಲವತ್ತೈದು ದಾಟಿದೆ, ಮಂಡಿ ನೋವಿದೆ, ಬೆಟ್ಟ ಹತ್ತಬೇಕಾಗುತ್ತದೆ ಅಂದರು. ಮನೆಯಲ್ಲಿ ಗಂಡನೂ ಬೇಡ ಅಂದ. ನಾದಿನಿ ಮಾತ್ರ, ಅತ್ತಿಗೆ ಇಷ್ಟು ದಿನ ಎಳೆದ ಬೆಟ್ಟಗಳ ಸಾಲ ತೀರಿಸಲಿ ಬಿಡಿ ಅಂತ ನಕ್ಕಳು. ಕಡೆಗೆ ಆ ಹಿರಿಯ ಮೋಜಣಿದಾರನೇ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ ಅಂದ.

ದೂರದ ಬೆಟ್ಟ ನುಣ್ಣಗೆ ಅನ್ನುವುದು ಸುಳ್ಳಲ್ಲ. ಯಂತ್ರದಲ್ಲಿ ಬೆರಳು ತಿರುಗಿಸಿದರೆ ದಾಟುತ್ತಿದ್ದ ಇಳಿಜಾರಿನಲ್ಲಿ ಅವಳು ಮೊದಲ ವಾರವೇ ಜಾರಿ ಬಿದ್ದಳು. ಒಂದು ಕಣ್ಣಿಗೆ ಕಲ್ಲು ಎಲ್ಲಿ ಮುಗಿದು ಗುಂಡಿ ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಅತ್ತಳು, ಆದರೆ ಹಿಂದಿರುಗಲಿಲ್ಲ. ಕೋಲು ಊರಿ ನೆಲ ತಟ್ಟಿ ನಡೆಯುವುದನ್ನು ರೂಢಿಸಿಕೊಂಡಳು. ದುರ್ಬೀನಿನ ಮುಂದೆ ಮಾತ್ರ ಅವಳಿಗೆ ಏನೂ ಕೊರತೆಯಿರಲಿಲ್ಲ; ಕೂದಲೆಳೆಯಂಥ ಗೆರೆಗೆ ಸೂರ್ಯನ ಅಂಚು ತಾಗುವ ಗಳಿಗೆಯನ್ನು ಅವಳು ತಪ್ಪಿಸುತ್ತಿರಲಿಲ್ಲ. ಒಂದು ಸುತ್ತು ಎರಡಾಯಿತು, ನಿವೃತ್ತಿಯವರೆಗೂ ಅದೇ ಅವಳ ಕೆಲಸವಾಯಿತು.

ಒಮ್ಮೆ ವಿಮಾನ ಬರುವ ಮುಂಚೆ, ಫೋಟೋದಲ್ಲಿ ಜಾಗ ಗೊತ್ತಾಗಲಿ ಅಂತ, ಗುಡ್ಡದ ನೆತ್ತಿಯ ಬಂಡೆಗೆ ಸುಣ್ಣದಲ್ಲಿ ದೊಡ್ಡ ಶಿಲುಬೆಯಾಕಾರದ ಗುರುತು ಬಳಿದಿದ್ದರು. ಫೋಟೋ ಕಚೇರಿಗೆ ಬಂದಾಗ ನಾದಿನಿ ಯಂತ್ರದಲ್ಲಿ ನೋಡುತ್ತಾಳೆ, ಗುರುತಿನ ಪಕ್ಕ ಒಂದು ಪುಟ್ಟ ಕಪ್ಪು ಚುಕ್ಕಿ, ಅದಕ್ಕೊಂದು ನೆರಳು, ನೆರಳಿಗೊಂದು ಕೋಲು. ಮುಖ್ಯಸ್ಥರು, ಗುರುತಿನ ಹತ್ತಿರ ಜನ ಇರಬಾರದು ಅಂತ ನೂರು ಸಲ ಹೇಳಿದ್ದೇನೆ ಅಂತ ರೇಗಿದರು. ವಾರ ಕಳೆದು ಮನೆಗೆ ಬಂದ ಅತ್ತಿಗೆಯನ್ನು ನಾದಿನಿ, ಗುರುತಿನ ಹತ್ತಿರ ಯಾಕಿದ್ದಿರಿ ಅಂತ ಕೇಳಿದಳು.

"ಮಂಡಿ ನೋಯ್ತಿತ್ತು ಕಣೇ," ಅಂದಳು ಅವಳು, ಬ್ಯಾಗು ಇಳಿಸುತ್ತ. "ಕೂತ್ಕೊಂಡೆ."